ಎಸೆದ ಎಡಗಾಲಿನ ಶೂ

ನಮ್ಮ ಮನೆಯ ಬಾಗಿಲ ಪಕ್ಕದ ಚಪ್ಪಲಿ ಸ್ಟ್ಯಾಂಡಿನ ಮೇಲಿನ ಹಲಗೆಯಲ್ಲಿ ಒಂದು ಜೊತೆ ಶೂ ಇದೆ. ಬಲಗಾಲಿನದರ ಮೇಲೆ ಕೆಸರು ಒಣಗಿ ಹಾಗೇ ಉಳಿದಿದೆ. ಎಡಗಾಲಿನದು ಒಗೆದು ಒಣಗಿಸಿದ್ದು, ಲೇಸು ಕೂಡ ಬಿಳಿಯಾಗಿದೆ. ಇವೆರಡೂ ಒಂದೇ ಜೊತೆಯವು ಎಂದರೆ ಹೊರಗಿನವರು ನಂಬುವುದಿಲ್ಲ. ನನ್ನ ಹೆಂಡತಿ ಎರಡು ಸಲ ಅವನ್ನು ಎತ್ತಿ ಹಳೆಯ ಸಾಮಾನಿನ ಚೀಲಕ್ಕೆ ಹಾಕಲು ಹೋದಳು. ನಾನು ಬೇಡ ಎಂದೆ. ಯಾಕೆ ಎಂದು ಅವಳು ಕೇಳಲಿಲ್ಲ. ಆ ಶೂ ಕಣ್ಣಿಗೆ ಬಿದ್ದಾಗಲೆಲ್ಲ ನನ್ನ ಎಡಗೈಯ ಬೆರಳುಗಳು ತಾವಾಗಿಯೇ ಮಡಚಿಕೊಂಡು ಮುಷ್ಟಿಯಾಗುವುದನ್ನು ಅವಳು ನೋಡಿದ್ದಾಳೆ.

ಕೈಯ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಶೂ ಬಗ್ಗೆ ಹೇಳುವುದು ನನಗೆ ಸುಲಭ.

ಇವು ತೆಳು ಅಟ್ಟೆಯ ಓಟದ ಶೂಗಳು. ಹಿಮ್ಮಡಿಯ ಕೆಳಗೆ ಮೆತ್ತೆ ಇಲ್ಲ, ಎತ್ತರ ಇಲ್ಲ. ಬೆರಳುಗಳು ಹರಡಿಕೊಳ್ಳಲು ಮುಂದೆ ಬಾತುಕೋಳಿಯ ಕೊಕ್ಕಿನಷ್ಟು ಅಗಲ. ಸುರುಳಿ ಸುತ್ತಿ ಜೇಬಿನಲ್ಲಿ ಇಟ್ಟುಕೊಳ್ಳಬಹುದು. ನಲವತ್ತು ದಾಟಿದ ಮೇಲೆ ನನ್ನ ಮಂಡಿ ನೋಯಲು ಶುರುವಾಯಿತು. ಆಗ ನಾನು ಹಾಕುತ್ತಿದ್ದದ್ದು ದಿಂಬಿನಂಥ ಶೂ. ಮೆತ್ತೆ ಹೆಚ್ಚಾದಷ್ಟೂ ಕಾಲು ಸೋಮಾರಿಯಾಗುತ್ತದೆ, ಮನುಷ್ಯನ ಪಾದಕ್ಕೆ ನೆಲದ ಸುದ್ದಿ ಮುಟ್ಟಬೇಕು ಎಂದು ಆಫೀಸಿನ ಗೆಳೆಯರೊಬ್ಬರು ಊಟದ ಹೊತ್ತಿನಲ್ಲಿ ಭಾಷಣ ಮಾಡಿದರು. ನಾನು ಬೇಗ ಮತಾಂತರವಾಗುವ ಜಾತಿಯವನು. ಒಂದು ವಾರ ವಿಡಿಯೋ ನೋಡಿ, ಎರಡನೇ ವಾರ ಜಯನಗರದ ಅಂಗಡಿಗೆ ಹೋಗಿ ತಂದೆ. ಡಬ್ಬಿಯ ಮೇಲೆ ಬರಿಗಾಲಿನ ಅನುಭವ ಎಂಬರ್ಥದ ಮಾತು ಅಚ್ಚಾಗಿತ್ತು. ಅದನ್ನು ಓದಿ ನಾನು ಹಿಗ್ಗಿದೆ. ನಮ್ಮ ಓನರ್ ಮುನಿರಾಜಣ್ಣ ಓದಿಸಿಕೊಂಡು ನಕ್ಕರು.

ಮುನಿರಾಜಣ್ಣ ಯಡಿಯೂರಿನ ಹಳೆಯ ಮನೆತನದವರು. ಕೆಳಗಿನ ಮನೆಯಲ್ಲಿ ಅವರೂ ಅವರ ಹೆಂಡತಿ ಜಯಮ್ಮನವರೂ, ಮೇಲೆ ಬಾಡಿಗೆಗೆ ನಾವು. ಅವರು ಚಿಕ್ಕವರಿದ್ದಾಗ ಜೆ.ಪಿ. ನಗರದ ಕಡೆ ಅವರ ಸೊಪ್ಪಿನ ತೋಟವಿತ್ತಂತೆ. ಹದಿನೇಳು ವರ್ಷದವರೆಗೆ ದಂಟು, ಕೀರೆ, ಮೆಂತ್ಯದ ಮಡಿಗಳಿಗೆ ನೀರು ಕಟ್ಟಿದವರು. ಅರವತ್ತು ದಾಟಿದ್ದರೂ ಬೆಳಗ್ಗೆ ಚಡ್ಡಿ, ಅರ್ಧ ತೋಳಿನ ಸ್ವೆಟರು, ಮಂಕಿ ಕ್ಯಾಪು ಹಾಕಿಕೊಂಡು ಬರಿಗಾಲಿನಲ್ಲಿ ಓಡುತ್ತಿದ್ದರು. ಸಕ್ಕರೆ ಕಾಯಿಲೆ ಬಂದಾಗ ಡಾಕ್ಟರು ನಡೆಯಿರಿ ಎಂದಿದ್ದರು. ನಡೆಯುವುದು ಬೇಜಾರು ಎಂದು ಇವರು ಓಡಿದರು.

ನನ್ನ ಶೂ ಕೈಯಲ್ಲಿ ಹಿಡಿದು, ಮಡಚಿ, ಹಿಂಡಿ, ಒಳಗೆ ಮುಷ್ಟಿ ತೂರಿಸಿ ನೋಡಿ ಅವರು ಕೊಟ್ಟ ತೀರ್ಪು ನನಗೆ ಬಾಯಿಪಾಠವಾಗಿದೆ.

"ಏನ್ ಸಾರ್ ಇದು, ಕಾಲ್ಚೀಲಕ್ಕೆ ರಬ್ಬರ್ ಅಂಟ್ಸವ್ರೆ. ಬರಿಗಾಲು ಬೇಕು ಅಂದ್ರೆ ಶೂ ಬಿಚ್ಚಬೇಕು. ನೀವು ಬರಿಗಾಲಿಗೋಸ್ಕರ ಶೂ ಹಾಕ್ಕೊಂಡಿದೀರ. ಹಸಿವಾಗ್ಲಿ ಅಂತ ಊಟ ಮಾಡ್ದಂಗಾಯ್ತು."

ಅಂದಿನಿಂದ ನಮ್ಮ ವಾದ ನಡೆದೇ ಇತ್ತು. ಕೆರೆ ಸುತ್ತುವಾಗ, ಎಳನೀರು ಕುಡಿಯುವಾಗ, ಒಮ್ಮೊಮ್ಮೆ ಮಹಡಿ ಮೆಟ್ಟಿಲ ಮೇಲೆ ನಾನು, ಕೆಳಗೆ ಅವರು ನಿಂತು. ನಾನು ಗಾಜಿನ ಚೂರು, ಮೊಳೆ, ಉಗುಳು, ನಾಯಿಯ ಹೇಲು ಎಲ್ಲವನ್ನೂ ಪಟ್ಟಿ ಮಾಡುತ್ತಿದ್ದೆ. ಅವರು ಅವೆಲ್ಲ ಕಣ್ಣಿಗೆ ಬಿಟ್ಟ ಕೆಲಸ, ಕಾಲಿನದು ಬೇರೆ ಎನ್ನುತ್ತಿದ್ದರು. ಬೇರೆ ಎಂದರೆ ಏನು ಎಂದು ಕೇಳಿದರೆ ಸರಿಯಾಗಿ ಹೇಳಲು ಬರುತ್ತಿರಲಿಲ್ಲ. ನೆಲ ಹೇಳತ್ತೆ ಸಾರ್, ಎಂದಷ್ಟೇ ಅನ್ನುತ್ತಿದ್ದರು. ನಾನು ಬಿ.ಎಸ್ಸಿ. ಮಾಡಿದವನು, ಅದೂ ಭೌತಶಾಸ್ತ್ರ ತೆಗೆದುಕೊಂಡು. ನೆಲ ಹೇಳುತ್ತದೆ ಎಂಬ ಮಾತಿಗೆ ಒಳಗೊಳಗೇ ನಗುತ್ತಿದ್ದೆ.

ಹಾಗೆಂದು ನಾನೇನು ಶೂ ಹಾಕಿಕೊಂಡೇ ಹುಟ್ಟಿದವನಲ್ಲ. ಹನುಮಂತನಗರದಲ್ಲಿ ಬೆಳೆದವನು. ಶಾಲೆಯ ಬಿಳಿ ಕ್ಯಾನ್‌ವಾಸ್ ಶೂ ವಾರಕ್ಕೊಂದು ದಿನ, ಡ್ರಿಲ್ ಇರುವ ದಿನ ಮಾತ್ರ. ಅದು ಕೊಳೆಯಾದರೆ ತರಗತಿಯ ಸೀಮೆಸುಣ್ಣದ ಚೂರು ತಂದು ಉಜ್ಜಿ ಬೆಳ್ಳಗೆ ಮಾಡುತ್ತಿದ್ದೆವು. ಮೇಷ್ಟ್ರು ಬಗ್ಗಿ ಮುಟ್ಟಿದರೆ ಬೆರಳು ಬಿಳಿಯಾಗಿ ಏಟು ಬೀಳುತ್ತಿತ್ತು. ಉಳಿದ ದಿನ ಬರಿಗಾಲು. ಗುಡ್ಡದ ದೇವಸ್ಥಾನದ ಮೆಟ್ಟಿಲು ಬೇಸಿಗೆಯಲ್ಲಿ ಹೆಂಚಿನಂತೆ ಕಾಯುತ್ತಿತ್ತು. ಮೇಲೆ ಹತ್ತುವಾಗ ಕುಣಿಯುತ್ತ ಹತ್ತಿ, ಗರ್ಭಗುಡಿಯ ಮುಂದಿನ ತಣ್ಣನೆ ಕಲ್ಲಿನ ಮೇಲೆ ಪಾದ ಊರಿದಾಗ ಬರುತ್ತಿದ್ದ ಸುಖಕ್ಕೆ ದೇವರೇ ಕಾರಣ ಎಂದು ನಾನು ಬಹಳ ವರ್ಷ ನಂಬಿದ್ದೆ. ಸಂಜೆ ಮನೆಗೆ ಬಂದರೆ ಅಮ್ಮ ಹೊಸಿಲಿನಲ್ಲೇ ತಡೆದು, ಹಿಮ್ಮಡಿ ತೊಳ್ಕೊಂಡು ಒಳಗೆ ಬಾ ಎನ್ನುತ್ತಿದ್ದಳು. ಪಾದದ ಮುಂದೆ ಮಾತ್ರ ನೀರು ಸುರಿದುಕೊಂಡು ಹಿಮ್ಮಡಿ ಒಣಗಿಯೇ ಇರುವುದು ಅವಳಿಗೆ ಹೇಗೆ ಗೊತ್ತಾಗುತ್ತಿತ್ತೋ. ಆ ಪಾದ ಯಾವಾಗ ಮೃದುವಾಯಿತು ಎಂದು ನನಗೆ ನೆನಪಿಲ್ಲ. ಕಾಲೇಜು, ಕೆಲಸ, ಟೈಲ್ಸ್ ಹಾಕಿದ ಬಾಡಿಗೆ ಮನೆಗಳು. ಈಗ ಸ್ನಾನದ ಮನೆಯಲ್ಲಿ ಒಂದು ಸಾಬೂನಿನ ಚೂರು ಕಾಲಿಗೆ ಸಿಕ್ಕಿದರೂ ಹೌಹಾರುತ್ತೇನೆ.

ನಮ್ಮ ಈ ವಾದದೊಳಗೆ ಒಂದು ನಿಜವಾದ ಚಿಂತೆಯೂ ಇತ್ತು. ಸಕ್ಕರೆ ಕಾಯಿಲೆಯವರ ಪಾದಕ್ಕೆ ನಿಧಾನವಾಗಿ ಸ್ಪರ್ಶ ಹೋಗುತ್ತದೆ, ಮುಳ್ಳು ಚುಚ್ಚಿದರೂ ತಿಳಿಯುವುದಿಲ್ಲ, ಬರಿಗಾಲು ಬಿಡಿ ಎಂದು ಡಾಕ್ಟರು ಮುನಿರಾಜಣ್ಣನಿಗೆ ಖಡಾಖಂಡಿತವಾಗಿ ಹೇಳಿದ್ದರು. ತೆಳ್ಳನೆ ದಾರದಂಥದ್ದನ್ನು ಅಂಗಾಲಿಗೆ ಮುಟ್ಟಿಸಿ, ಕಣ್ಣು ಮುಚ್ಚಿಕೊಂಡು ಹೇಳಿ, ಗೊತ್ತಾಗುತ್ತಾ ಎಂದು ಪರೀಕ್ಷೆಯನ್ನೂ ಮಾಡಿದ್ದರು. ಎಲ್ಲ ಗೊತ್ತಾಯ್ತು ಸಾರ್, ಎಂದು ಇವರು ಬಂದು ಹೇಳಿದರು. ಎರಡು ಕಡೆ ಸುಮ್ನಿದ್ರು, ನಾನೇ ನೋಡ್ದೆ, ಎಂದು ಜಯಮ್ಮನವರು ಅವರ ಬೆನ್ನ ಹಿಂದೆ ನನಗೆ ಹೇಳಿದರು. ಜಯಮ್ಮನವರ ಅಕ್ಕನ ಗಂಡನಿಗೆ ಹೀಗೇ ತಿಳಿಯದ ಗಾಯವಾಗಿ ಬೆರಳು ತೆಗೆಸಬೇಕಾಗಿತ್ತು. ನೀವು ಓದಿದವರು, ಜೊತೆಗೆ ಓಡ್ತೀರ, ನೀವಾದ್ರೂ ಹೇಳಿ ಒಪ್ಪಿಸಿ ಎಂದು ಅವರು ಕೇಳಿಕೊಂಡಿದ್ದರು. ನಾನು ಒಪ್ಪಿಸಿದೆ. ಮೂರು ತಿಂಗಳು ಹಿಡಿಯಿತು. ಕೊನೆಗೆ ಒಂದು ಶನಿವಾರ, ಆಯ್ತು ಸಾರ್, ನಾಳೆ ಓಡಿ ಬಂದು ಹಂಗೇ ಅಂಗಡಿಗೆ ಹೋಗಣ, ಆ ಕಾಲ್ಚೀಲದಂತಾದ್ದೇ ಇರ್ಲಿ ನಂಗೂ, ಎಂದರು.

ನಾಳೆ ಎಂದರು. ಆ ಒಂದು ಪದವನ್ನು ನಾನು ಎಷ್ಟು ಸಲ ತಿರುಗಿಸಿ ನೋಡಿದ್ದೇನೋ. ಶನಿವಾರವೇ ಹೋಗಿದ್ದರೆ?

ಆ ಭಾನುವಾರ ಬೆಳಗ್ಗೆ ಆರೂ ಕಾಲಿನ ಸುಮಾರಿಗೆ ನಾವು ಕೆರೆ ಸುತ್ತಿ ವಾಪಸು ಬರುತ್ತಿದ್ದೆವು. ರಾತ್ರಿ ಮಳೆ ಸುರಿದು ನಿಂತಿತ್ತು. ರಸ್ತೆ ತುಂಬ ಹೊಂಗೆಯ ಹೂವು ಉದುರಿ ಅಂಟಿಕೊಂಡಿತ್ತು. ಜಯನಗರದ ಏಳನೇ ಬ್ಲಾಕಿನಲ್ಲಿ ನಾವು ದಿನವೂ ಹಾಯುವ ಅಡ್ಡರಸ್ತೆಗೆ ತಿರುಗಿದರೆ, ಒಂದು ಮನೆಯ ಮುಂದೆ ಅಡ್ಡಲಾಗಿ ಶಾಮಿಯಾನ ಹಾಕಿದ್ದರು. ಮಗುವಿನ ನಾಮಕರಣ ಎಂದು ಆಮೇಲೆ ತಿಳಿಯಿತು. ಕೆಂಪು ಕುರ್ಚಿಗಳ ಗೋಪುರ, ಕಂಬಗಳಿಗೆ ಬಾಳೆಕಂದು, ಮೇಲಿನ ಪೈಪಿನಿಂದ ಹೊಂಗೆ ಮರದವರೆಗೆ ಸುತ್ತಿದ ಸೀರಿಯಲ್ ಸೆಟ್ಟು. ಬಲ್ಬುಗಳು ಉರಿಯುತ್ತಿರಲಿಲ್ಲ. ಒಳಗಿನಿಂದ ಯಾರದೋ ಫೋನಿಗೆ ಜೋಡಿಸಿ ಪ್ಲಗ್ಗಿಗೆ ಹಾಕಿದ ದೊಡ್ಡ ಸ್ಪೀಕರಿನಲ್ಲಿ ವಾಲಗ ಬರುತ್ತಿತ್ತು. ಮನೆಯ ಮುಂದೆ ಪೈಪು ಹಿಡಿದು ನೀರು ಹೊಡೆದು ತೊಳೆದಿದ್ದರು. ಮಳೆಯ ನೀರೂ ತೊಳೆದ ನೀರೂ ಸೇರಿ ಶಾಮಿಯಾನದ ಕೆಳಗೆ ರಸ್ತೆಯೆಲ್ಲ ತೆಳ್ಳಗೆ ಹೊಳೆಯುತ್ತಿತ್ತು.

ಕೆರೆಯಿಂದ ನಮ್ಮ ಹಿಂದೆ ಬರುವ ಒಂದು ಕಂದು ನಾಯಿ ಇದೆ. ಬಿಸ್ಕತ್ತಿನ ಆಸೆಗೆ ಮನೆಯವರೆಗೂ ಬರುತ್ತದೆ. ಅವತ್ತು ಅದು ನೀರಿನ ಅಂಚಿಗೆ ಬಂದು, ಮುಂಗಾಲು ಇಟ್ಟು, ಎತ್ತಿಕೊಂಡು, ಹಿಂದೆ ಸರಿದು ಕೂತುಬಿಟ್ಟಿತು. ನಾನು ಅದನ್ನು ನೋಡಿದೆ. ನೋಡಿ, ಸೋಮಾರಿ ಎಂದುಕೊಂಡೆ.

ಶಾಮಿಯಾನದ ಮೊದಲ ಕಂಬದ ಹತ್ತಿರ ಬಂದಾಗ ನನ್ನ ಎಡ ಶೂ ಒಳಗೆ ಒಂದು ಹರಳು ಸೇರಿಕೊಂಡಿತು. ತೆಳು ಅಟ್ಟೆಯ ಶೂ ಹಾಕಿಕೊಂಡವರಿಗೆ ಗೊತ್ತಿರುತ್ತದೆ, ಒಂದು ಸಾಸಿವೆ ಕಾಳು ಹೊಕ್ಕರೂ ಪ್ರಾಣ ತಿನ್ನುತ್ತದೆ. ಒಂದು ನಿಮಿಷ ಎಂದು ನಾನು ನಿಂತೆ. ಮುನಿರಾಜಣ್ಣ ಮುಂದೆ ಹೋದರು. ನಾನು ಎಡಗಾಲು ಮೇಲೆತ್ತಿ ಬಲಗೈಯಿಂದ ಶೂ ಕಿತ್ತೆ, ಕಾಲುಚೀಲ ಹಾಕುವ ಅಭ್ಯಾಸವಿಲ್ಲ. ಒಂಟಿಕಾಲಿನಲ್ಲಿ ಮೈ ಓಲಾಡಿತು. ಯಾರಾದರೂ ಏನು ಮಾಡುತ್ತಾರೋ ನಾನೂ ಅದನ್ನೇ ಮಾಡಿದೆ. ಎಡಗೈ ಚಾಚಿದೆ, ಪಕ್ಕದ ಕಂಬ ಹಿಡಿದುಕೊಳ್ಳಲು.

"ಸಾರ್. ಕೈ ಹಿಂದಕ್ಕೆ ತಗೊಳಿ."

ಅವರು ಕೂಗಲಿಲ್ಲ. ಬಾಡಿಗೆ ತಡವಾದಾಗ ಮಾತಾಡುವುದಕ್ಕಿಂತಲೂ ಮೆತ್ತಗೆ ಹೇಳಿದರು. ಬಹುಶಃ ಆ ಮೆತ್ತಗಿನ ದನಿಗೇ ನನ್ನ ಕೈ ನಿಂತಿತು. ಕಂಬಕ್ಕೂ ಬೆರಳುಗಳಿಗೂ ನಡುವೆ ನಾಲ್ಕು ಬೆರಳು ಜಾಗ. ಕಂಬಕ್ಕೆ ಬಳಿದಿದ್ದ ಹಸಿರು ಬಣ್ಣ ಎದ್ದು, ಕೆಳಗಿನ ತುಕ್ಕು ಕಾಣುತ್ತಿತ್ತು. ಅದರ ಮೇಲೆ ಒಂದು ಮಳೆಹನಿ ಜಾರುತ್ತಿತ್ತು. ಈಗಲೂ ಕಣ್ಣು ಮುಚ್ಚಿದರೆ ಆ ಹನಿ ಅಲ್ಲೇ ಇದೆ, ಇನ್ನೂ ಕೆಳಗೆ ಬಂದಿಲ್ಲ.

"ಕಂಬ ಮುಟ್ಟಬೇಡಿ. ಬರಿಗಾಲು ಕೆಳಗಿಡಬೇಡಿ. ನೆಲದಲ್ಲಿ ಕರೆಂಟ್ ಐತೆ."

ನೋಡಿದೆ. ಅವರು ನನ್ನಿಂದ ಏಳೆಂಟು ಅಡಿ ಮುಂದೆ, ಶಾಮಿಯಾನದ ನಡುಮಧ್ಯೆ ಹೊಳೆಯುವ ನೀರಿನಲ್ಲಿ ನಿಂತಿದ್ದರು. ಎರಡೂ ಪಾದಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ಪ್ರಾರ್ಥನೆಗೆ ನಿಂತ ಶಾಲೆಯ ಮಗುವಿನಂತೆ. ಮೀನಖಂಡ ಅದುರುತ್ತಿತ್ತು. ಜುಮ್ಮೆನ್ನುವುದು ಅಂಗಾಲಿನಿಂದ ಮೇಲಕ್ಕೆ ಬರ್ತಾ ಐತೆ ಎಂದು ಹೇಳಿದರು, ಮೊಣಕಾಲವರೆಗೆ. ಹಲ್ಲು ಕಚ್ಚಿಕೊಂಡು ಹೇಳಿದ್ದರಿಂದ ಮಾತು ಅರ್ಧರ್ಧ ಕೇಳಿಸಿತು. ಅವರ ಎಡಕ್ಕೂ ಬಲಕ್ಕೂ ತೋಳು ಚಾಚಿದರೆ ಸಿಗುವಷ್ಟು ದೂರದಲ್ಲಿ ಕಬ್ಬಿಣದ ಕಂಬಗಳು. ಶಾಮಿಯಾನದ ಕಂಬಗಳೆಲ್ಲ ಮೇಲೆ ಪೈಪಿನಿಂದ ಒಂದಕ್ಕೊಂದು ಸೇರಿರುತ್ತವೆ, ಒಂದರಲ್ಲಿ ಕರೆಂಟಿದ್ದರೆ ಎಲ್ಲದರಲ್ಲೂ ಇದ್ದ ಹಾಗೆ. ಅವರು ಜಾರಿದರೆ, ಕೈ ಆಸರೆ ಹುಡುಕಿದರೆ, ಅಲ್ಲಿಗೆ ಮುಗಿಯಿತು.

ದೊಡ್ಡ ಹೆಜ್ಜೆ ಇಟ್ಟರೂ ಅಷ್ಟೇ. ಒಂದು ಕಾಲು ಇಲ್ಲಿ, ಇನ್ನೊಂದು ಅಲ್ಲಿ ಇದ್ದರೆ ನಡುವಿನ ವ್ಯತ್ಯಾಸ ಮೈಯೊಳಗಿಂದ ಹರಿಯುತ್ತದೆ. ಈ ಲೆಕ್ಕವನ್ನು ನಾನು ಪರೀಕ್ಷೆಯಲ್ಲಿ ಚಿತ್ರ ಬರೆದು ಮಾಡಿದ್ದೆ, ಒಳ್ಳೆಯ ಅಂಕವೂ ಬಂದಿತ್ತು. ಅವತ್ತು ಅದರಲ್ಲಿ ಒಂದಕ್ಷರ ನೆನಪಾಗಲಿಲ್ಲ. ಎಂಟನೇ ಕ್ಲಾಸಿನಲ್ಲಿ ಶಾಲೆ ಬಿಟ್ಟ ಮುನಿರಾಜಣ್ಣನಿಗೆ ಅದು ಸೊಪ್ಪಿನ ತೋಟದಿಂದ ಗೊತ್ತಿತ್ತು. ಬಾವಿಯ ಪಂಪ್‌ಸೆಟ್ಟಿನ ವೈರು ನೀರು ಕಟ್ಟಿದ ಮಡಿಯಲ್ಲಿ ಬಿದ್ದರೆ ಓಡಬಾರದು, ಕಾಲು ಜೋಡಿಸಿ ಉಜ್ಜಿಕೊಂಡು ಆಚೆ ಬರಬೇಕು ಎಂದು ಅವರಪ್ಪ ಕಲಿಸಿದ್ದರಂತೆ. ಅವರು ಹಾಗೇ ಬರಲು ಶುರು ಮಾಡಿದರು. ಹಿಮ್ಮಡಿ ಒಂದು ಅಂಗುಲ, ಬೆರಳು ಒಂದು ಅಂಗುಲ. ನನ್ನ ಕಡೆಗೆ.

ನಾನು ಏನು ಮಾಡುತ್ತಿದ್ದೆ ಎಂದು ಕೇಳಿ. ಕೊಕ್ಕರೆಯಂತೆ ಒಂಟಿಕಾಲಿನಲ್ಲಿ ನಿಂತಿದ್ದೆ. ಬಲಗಾಲಿನ ಶೂ ನೀರಿನಲ್ಲಿ ನೆಂದಿತ್ತು, ಹೆಬ್ಬೆರಳ ಕೆಳಗೆ ಅದರ ಅಟ್ಟೆ ಸವೆದು ರಟ್ಟಿನಷ್ಟಾಗಿತ್ತು. ನನಗೆ ಏನೂ ಅನ್ನಿಸುತ್ತಿರಲಿಲ್ಲ. ಜುಮ್ಮೂ ಇಲ್ಲ, ಬಿಸಿಯೂ ಇಲ್ಲ. ಅದೇ ನೀರು, ಅದೇ ರಸ್ತೆ. ನನ್ನ ಹಿಂದೆ ಒಂದೂವರೆ ಅಡಿ ದೂರದಲ್ಲಿ ಒಣ ನೆಲವಿತ್ತು, ಒಂದು ಸಲ ಹಿಂದಕ್ಕೆ ಕುಪ್ಪಳಿಸಿದ್ದರೆ ಸಾಕಿತ್ತು. ಅದು ಹೊಳೆದದ್ದು ಮಾರನೆಯ ದಿನ, ಆಫೀಸಿನಲ್ಲಿ ಕಾಫಿ ಕುಡಿಯುವಾಗ.

ಆಗ ಆ ಮನೆಯ ಹೆಂಗಸು ಹೊರಗೆ ಬಂದರು. ಮಗುವಿನ ಸೋದರತ್ತೆ, ಹೆಸರು ವೀಣಾ ಎಂದು ಆಮೇಲೆ ತಿಳಿಯಿತು. ರೇಷ್ಮೆ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿದ್ದರು, ತಲೆಗೆ ಟವೆಲು, ಕೈಯಲ್ಲಿ ರಂಗೋಲಿ ಡಬ್ಬಿ. ಬರಿಗಾಲು. ಮೋರಿಯ ಮೇಲಿನ ಕಲ್ಲುಚಪ್ಪಡಿಯಲ್ಲಿ ಆಗಲೇ ಒಂದು ರಂಗೋಲಿ ಇಟ್ಟಾಗಿತ್ತು, ರಸ್ತೆಯ ನಡುವೆ ದೊಡ್ಡದೊಂದು ಇಡಲು ಬರುತ್ತಿದ್ದರು. ಮುನಿರಾಜಣ್ಣ ಕೈಯೆತ್ತಿ, ಬರಬೇಡಮ್ಮ, ಅಲ್ಲೇ ನಿಲ್ಲು ಎಂದರು.

ನಮ್ಮ ಕಡೆಯ ರಸ್ತೆಗಳ ವಿಚಾರ ನಿಮಗೂ ಗೊತ್ತಿರಬಹುದು. ಯಾರ ಮನೆಯಲ್ಲಿ ಶುಭಕಾರ್ಯವಾದರೂ ಶಾಮಿಯಾನ ರಸ್ತೆಗೇ ಬರುತ್ತದೆ. ಬೆಳಗಿನ ವಾಕಿಂಗಿನ ಹಿರಿಯರು ಕೈಯೆತ್ತಿ ಜಗಳ ತೆಗೆಯುತ್ತಾರೆ. ಮನೆಯವರು ಆ ಜಗಳಕ್ಕೆ ಹಿಂದಿನ ದಿನವೇ ಉತ್ತರ ಸಿದ್ಧ ಮಾಡಿಟ್ಟುಕೊಂಡಿರುತ್ತಾರೆ. ಮಂಕಿ ಕ್ಯಾಪು ಹಾಕಿಕೊಂಡು, ರಸ್ತೆಯ ಮಧ್ಯೆ ನಿಂತು, ಕೈ ಅಡ್ಡ ಹಿಡಿದ ಮುದುಕರನ್ನು ಕಂಡು ವೀಣಾ ಅವರು ಬೇರೇನು ತಿಳಿದಾರು?

"ಯಾಕ್ ಬರ್ಬಾರ್ದು? ನಮ್ಮನೆ ಮುಂದೆ ನಾವು ಬರ್ಬಾರ್ದಾ ಅಂಕಲ್? ಒಂದು ದಿನ ಅಡ್ಜಸ್ಟ್ ಮಾಡ್ಕೊಳಕ್ಕಾಗಲ್ವಾ ನಿಮ್ಗೆ?"

ಅವರು ಚಪ್ಪಡಿಯ ಮೇಲೆ ಎರಡು ಹೆಜ್ಜೆ ಮುಂದೆ ಬಂದರು. ಚಪ್ಪಡಿ ಒಣಗಿತ್ತು. ಅದರ ಅಂಚಿನಲ್ಲಿ ಒಂದು ಕಂಬ, ಆಮೇಲೆ ನೀರು. ಇಳಿಜಾರಿನಲ್ಲಿ ಸೀರೆಯುಟ್ಟು ಇಳಿಯುವವರು ಆ ಕಂಬ ಹಿಡಿಯದೆ ಇಳಿಯುವುದಿಲ್ಲ. ಅವರ ಕೈ ಆಗಲೇ ಮೇಲೇಳುತ್ತಿತ್ತು. ಕರೆಂಟು ಎಂದು ಮುನಿರಾಜಣ್ಣ ಹೇಳಿದರು, ಆದರೆ ವಾಲಗದಲ್ಲಿ ಅದು ಕೇಳಿಸಲಿಲ್ಲ. ವೀಣಾ ಅವರೂ ತಮ್ಮ ಮಾತು ನಿಲ್ಲಿಸಿರಲಿಲ್ಲ.

ನಾನು ಕೆಲಸ ಮಾಡುವುದು ಒಂದು ಔಷಧಿ ಕಂಪನಿಯಲ್ಲಿ. ಮಾತ್ರೆಯ ಡಬ್ಬಿಯೊಳಗೆ ಮಡಚಿಟ್ಟ ಕಾಗದದ ಕನ್ನಡವನ್ನು ತಿದ್ದುವುದು ನನ್ನ ಹೊಟ್ಟೆಪಾಡು. ಎಚ್ಚರಿಕೆ ಎಂಬ ಪದ ದಿನಕ್ಕೆ ಹತ್ತಾರು ಸಲ ನನ್ನ ಕೈಕೆಳಗೆ ಹಾದುಹೋಗುತ್ತದೆ. ಅದು ದಪ್ಪಕ್ಷರದಲ್ಲಿರಬೇಕು, ಸಾಲಿನ ಮೊದಲಿಗೇ ಬರಬೇಕು ಎಂದು ಎಷ್ಟೋ ಜನರಿಗೆ ಪಾಠ ಹೇಳಿದ್ದೇನೆ. ಆ ಹೊತ್ತಿಗೆ ನನ್ನ ಬಾಯಿಂದ ಆ ಪದ ಬರಲಿಲ್ಲ, ಯಾವ ಪದವೂ ಬರಲಿಲ್ಲ. ಬಲಗೈಯಲ್ಲಿ ಶೂ ಇತ್ತು.

ಎಸೆದೆ.

ಶುಭಕಾರ್ಯದ ಮನೆಯ ಮುಂದೆ, ಮಡಿಯಲ್ಲಿದ್ದ ಹೆಂಗಸಿನ ಮೇಲೆ, ಬೆಳಬೆಳಗ್ಗೆ, ಕಾಲಿನಿಂದ ಕಿತ್ತ ಶೂ. ಅದು ಅವರ ಮೊಣಕಾಲಿಗೆ ಬಡಿದು, ಇಟ್ಟ ರಂಗೋಲಿಯ ಮೇಲೆ ಮಗುಚಿ ಬಿತ್ತು. ಬಿಳಿ ಪುಡಿ ಎದ್ದಿತು. ವೀಣಾ ಅವರು ನಿಂತರು. ಎತ್ತಿದ್ದ ಕೈ ಬಾಯಿಗೆ ಹೋಯಿತು. ಅವರ ಮುಖ ನಾನು ಮರೆಯುವುದಿಲ್ಲ. ಅದರಲ್ಲಿ ಮೊದಲು ಕೋಪವೂ ಇರಲಿಲ್ಲ, ನಂಬಲಾಗದ ಹೇಸಿಗೆ ಇತ್ತು.

"ಗಿರೀ, ಬಾರೋ ಆಚೆ. ಚಪ್ಲಿ ಎಸೀತಾವ್ರೆ ಇಲ್ಲಿ."

ವೀಣಾ ಅವರ ತಮ್ಮ ಗಿರಿ ಪಂಚೆ ಎತ್ತಿ ಕಟ್ಟುತ್ತ ಬಂದರು. ಮಗುವಿನ ತಂದೆ ಅವರೇ. ನಾನು ಒಂಟಿಕಾಲಿನಲ್ಲಿ ನಿಂತಿದ್ದೇನೆ, ಒಂದು ಕಾಲಿನಲ್ಲಿ ಶೂ ಇಲ್ಲ, ಅಪರಾಧಿ ಯಾರೆಂದು ಹುಡುಕುವ ಕಷ್ಟವೇ ಇರಲಿಲ್ಲ. ಅವರು ಚಪ್ಪಡಿಯಿಂದ ಧುಮುಕಿ ನನ್ನ ಕುತ್ತಿಗೆಪಟ್ಟಿ ಹಿಡಿಯುವವರಿದ್ದರು. ಅಕ್ಕ ಕೈ ಅಡ್ಡ ಹಿಡಿದರು. ಅವರನ್ನು ಕಾಪಾಡಲು ಹಿಡಿದದ್ದಲ್ಲ, ಆ ಶೂ ತುಳಿದು ಮೈಲಿಗೆ ಮಾಡಿಕೊಳ್ಳಬೇಡ ಎಂದು. ಮುನಿರಾಜಣ್ಣನಿಗೆ ಅಷ್ಟು ಹೊತ್ತು ಸಾಕಾಯಿತು, ದನಿ ಏರಿಸಿದರು.

"ಹೊಡಿಯೋದು ಆಮೇಲೆ ಹೊಡಿಯಪ್ಪ. ಮೊದ್ಲು ಮೇನ್ ಇಳ್ಸು. ನಿಮ್ಮ ಕಂಬಕ್ಕೆ ಕರೆಂಟ್ ಬಂದೈತೆ."

"ಎಲ್ಲಿ ಕರೆಂಟು? ಸೀರಿಯಲ್ ರಾತ್ರಿ ಮಳೇಗೇ ಆಫ್ ಆಗೋಗಿದೆ. ನೋಡಿ, ಒಂದಾದ್ರೂ ಉರೀತಿದ್ಯಾ?"

ಅದೇ ಅವರ ತಪ್ಪು. ಬಲ್ಬು ಆರಿದೆ, ಆದ್ದರಿಂದ ಕರೆಂಟಿಲ್ಲ. ನಾನೂ ಹಾಗೇ ಅಂದುಕೊಳ್ಳುತ್ತಿದ್ದೆ. ಗಿರಿ ತೋರಿಸಲೆಂದು ಕಂಬದತ್ತ ಕೈ ಮಾಡಿದರು. ಮುನಿರಾಜಣ್ಣನ ಕಾಲು ಈಗ ತೊಡೆಯವರೆಗೆ ಅದುರುತ್ತಿತ್ತು. ನನ್ನ ಬಲಗಾಲೂ ನಡುಗುತ್ತಿತ್ತು. ಎಡಗಾಲಿನ ಬೆರಳುಗಳು ನೀರಿನಿಂದ ಒಂದು ಗೇಣು ಮೇಲಿದ್ದವು, ಸ್ವಲ್ಪ ಹೊತ್ತಿಗೆ ಅರ್ಧ ಗೇಣು. ಎಷ್ಟು ಹೊತ್ತು ನಿಂತಿದ್ದೆ ಎಂದು ನನಗೆ ಗೊತ್ತಿಲ್ಲ. ಮೈಗೆ ಗೊತ್ತಿದೆ, ಅದು ಈಗಲೂ ಕೆಲವು ಸಲ ಹಾಸಿಗೆಯಲ್ಲಿ ಒಂದು ಕಾಲು ಎತ್ತಿಕೊಂಡೇ ಎಚ್ಚರಾಗುತ್ತದೆ.

ಆಗ ವಾಲಗ ನಿಂತಿತು.

ರಾಗದ ನಡುವೆ, ಉಸಿರು ಎಳೆದುಕೊಂಡಲ್ಲೇ ಕಡಿದಂತೆ. ಅದರ ಜೊತೆಗೆ ಒಳಗಿನ ಮಿಕ್ಸಿಯ ಸದ್ದೂ ನಿಂತಿತು. ಮುನಿರಾಜಣ್ಣ ದೊಡ್ಡದಾಗಿ ಉಸಿರು ಬಿಟ್ಟರು. ಹೋಯ್ತು, ಎಂದರು. ಆದರೂ ಕಾಲು ಬಿಡಿಸದೆ, ಹಾಗೇ ಉಜ್ಜಿಕೊಂಡು ಉಜ್ಜಿಕೊಂಡು, ಒಣ ನೆಲ ಸಿಗುವವರೆಗೂ ಬಂದರು.

ಮೇನ್ ಇಳಿಸಿದವರು ಗಿರಿಯವರ ತಾಯಿ. ಸ್ನಾನದ ಒದ್ದೆ ಕೂದಲು, ಕೈಗೆಲ್ಲ ಹಿಟ್ಟು. ಬಾಗಿಲಲ್ಲಿ ನಿಂತು, ಯಾರೋ ಕರೆಂಟು ಅಂದಂಗಾಯ್ತು, ಇಳಿಸ್ಬಿಟ್ಟೆ, ನಿಜವಾ ಸುಳ್ಳಾ ಆಮೇಲೆ ನೋಡ್ಕೊಂಡ್ರಾಯ್ತು, ಎಂದರು. ನಿಜವಾ ಸುಳ್ಳಾ ಎಂದು ನಾವು ಹೊರಗೆ ಮಾಡುತ್ತಿದ್ದ ವಾದವನ್ನು ಅವರು ಒಳಗೆ ಒಂದು ಬೆರಳಿನಿಂದ ಮುಗಿಸಿದ್ದರು. ಗಿರಿ ಆಮೇಲೂ ನಂಬಿರಲಿಲ್ಲ. ವೀಣಾ ಅವರು ರಂಗೋಲಿಯ ಮೇಲೆ ಬಿದ್ದ ಶೂ ನೋಡುತ್ತ ಅಳಲು ಶುರು ಮಾಡಿದರು. ಕ್ಷಮಿಸಿ ಎನ್ನಬೇಕೋ ಬೇಡವೋ ನನಗೆ ತಿಳಿಯಲಿಲ್ಲ. ಶೂ ಎತ್ತಿಕೊಳ್ಳಲು ಮತ್ತೆ ಆ ನೆಲ ದಾಟಬೇಕಿತ್ತು. ಬಿಟ್ಟು ಬಂದೆ.

ಅದು ಮೂರನೆಯ ದಿನ ಮನೆಗೆ ಬಂತು. ವೀಣಾ ಅವರೇ ವಿಳಾಸ ಕೇಳಿಕೊಂಡು ತಂದರು. ಒಂದು ಕೈಯಲ್ಲಿ ತೆಂಗಿನಕಾಯಿ, ಎಲೆಅಡಿಕೆಯ ತಾಂಬೂಲದ ಚೀಲ. ಇನ್ನೊಂದು ಕೈಯನ್ನು ಆದಷ್ಟು ದೂರ ಚಾಚಿ, ಅದರಲ್ಲಿ ಶೂ ಇದ್ದ ಚೀಲ. ಶಾಮಿಯಾನದವರು ಬಂದು ನೋಡಿದಾಗ ಸೀರಿಯಲ್ಲಿನ ವೈರು ಪೈಪಿನ ಕ್ಲ್ಯಾಂಪಿನ ಕೆಳಗೆ ಸಿಕ್ಕಿ ಜಜ್ಜಿಹೋಗಿ, ತಾಮ್ರ ಕಬ್ಬಿಣಕ್ಕೆ ತಾಗಿತ್ತಂತೆ. ಕಾಫಿ ಕುಡಿದು, ಮಗುವಿನ ಫೋಟೋ ತೋರಿಸಿ, ಹೊರಡುವಾಗ ಮೆಟ್ಟಿಲ ಮೇಲೆ ನಿಂತು ಒಂದು ಮಾತು ಹೇಳಿದರು.

"ಅವತ್ತು ನಿಮ್ಗೆ ಮನಸ್ಸಲ್ಲೇ ಏನೇನೋ ಬೈದ್ಬಿಟ್ಟೆ ಅಂಕಲ್. ಒಗೆದು ಕೊಡು ಅಂತ ಅಮ್ಮ ಹೇಳಿದ್ರು. ಎಷ್ಟು ಒಗೆದ್ರೂ ಹೊಲಿಗೇಲಿರೋದು ಹೋಗ್ಲಿಲ್ಲ."

ಹೌದು. ಹೊಲಿಗೆಯ ಸಂದಿಯಲ್ಲಿ ಈಗಲೂ ರಂಗೋಲಿಯ ಬಿಳಿ ಪುಡಿ ಇದೆ.

ಕೆಳಗಿನ ಮನೆಯಲ್ಲಿ ಇನ್ನೊಂದು ಶೂ ಡಬ್ಬಿ ಇದೆ. ಆ ವಾರವೇ ಜಯಮ್ಮನವರು ನನ್ನನ್ನು ಕರೆದುಕೊಂಡು ಹೋಗಿ ತಂದದ್ದು, ನನ್ನದರಂಥದ್ದೇ, ಮುನಿರಾಜಣ್ಣನ ಅಳತೆಯದು. ಅವರು ಇನ್ನೂ ತೆರೆದಿಲ್ಲ. ಹಾಕಿಕೊಳ್ಳಿ ಎಂದು ಜಯಮ್ಮನವರೂ ಹೇಳುತ್ತಿಲ್ಲ, ಬೇಡ ಎಂದೂ ಹೇಳುತ್ತಿಲ್ಲ. ನನ್ನನ್ನು ಒಂದೇ ಸಲ ಕೇಳಿದರು, ಇವ್ರು ಅವತ್ತು ಶೂ ಹಾಕಿದ್ರೆ ಏನಾಗ್ತಿತ್ತು, ನೀವು ಓದಿದವರಲ್ವಾ ಎಂದು. ಏನೂ ಆಗದೆ ದಾಟಿ ಹೋಗುತ್ತಿದ್ದರು ಎಂದು ಹೇಳಬಹುದಿತ್ತು. ನಾನು ಆ ಕಂಬ ಹಿಡಿದಿರುತ್ತಿದ್ದೆ, ವೀಣಾ ಅವರೂ ಹಿಡಿದಿರುತ್ತಿದ್ದರು ಎಂದೂ ಹೇಳಬಹುದಿತ್ತು. ಡಾಕ್ಟರರ ದಾರಕ್ಕೆ ಸುಮ್ಮನಿದ್ದ ಆ ಎರಡು ಜಾಗ ಇನ್ನಷ್ಟು ಹರಡಿದ ಮೇಲೆ ಬರಿಗಾಲಿದ್ದೂ ಏನು ಪ್ರಯೋಜನ ಎಂದು ಅವರು ಕೇಳಿದ್ದರೆ ಅದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಗೊತ್ತಿಲ್ಲ ಜಯಮ್ಮನೋರೇ, ಎಂದೆ. ನಮ್ಮ ಮೂರು ತಿಂಗಳ ವಾದದಲ್ಲಿ ನಾನು ಗೊತ್ತಿಲ್ಲ ಎಂದದ್ದು ಅದೇ ಮೊದಲು.

ಇದನ್ನೆಲ್ಲ ಕೇಳಿದವರಿಗೆ ಹೇಳಿದ್ದೇನೆ. ಅವತ್ತು ಮನೆಗೆ ಬಂದ ಬಗೆಯನ್ನು ಮಾತ್ರ ಹೇಳಿರಲಿಲ್ಲ.

ಅಲ್ಲಿಂದ ಯಡಿಯೂರಿನ ನಮ್ಮ ಮನೆಗೆ ನಡೆದರೆ ಹತ್ತು ನಿಮಿಷ. ನನ್ನ ಬಲಗಾಲಿನಲ್ಲಿ ಶೂ, ಎಡಗಾಲು ಬರಿ. ಮುನಿರಾಜಣ್ಣ ನನ್ನ ಭುಜದ ಮೇಲೆ ಕೈ ಇಟ್ಟರು. ಯಾವತ್ತೂ ಯಾರನ್ನೂ ಹಿಡಿದುಕೊಳ್ಳದ ಮನುಷ್ಯ. ನಾಯಿ ಹಿಂದೆ ಬಂತು. ಎಡಗಾಲಿಗೆ ಎಲ್ಲವೂ ಸಿಗುತ್ತಿತ್ತು. ಒದ್ದೆ ಹೂವು, ಮರಳು, ಚಪ್ಪಡಿಯ ತಣ್ಣಗೆ, ಯಾರೋ ಚೆಲ್ಲಿದ್ದ ಬಿಸಿನೀರಿನ ಬೆಚ್ಚಗೆ, ಟಾರು ಕಿತ್ತ ಜಲ್ಲಿಯ ಚೂಪು. ಪ್ರತಿಯೊಂದಕ್ಕೂ ಬೆಚ್ಚಿದೆ. ಬಲಗಾಲು ನೆಮ್ಮದಿಯಾಗಿ ಬರುತ್ತಿತ್ತು, ಅದಕ್ಕೆ ಏನೂ ಆಗಿರಲಿಲ್ಲ. ನನಗೆ ಅವತ್ತು ಆ ಕಾಲಿನ ಬಗ್ಗೆಯೇ ಹೆಚ್ಚು ಭಯವಾಯಿತು.

ನಮ್ಮ ಮನೆ ಬಂತು. ಕಬ್ಬಿಣದ ಗೇಟು. ರಾತ್ರಿಯ ಮಳೆಗೆ ನೆಂದು, ಚಿಲಕದ ತುದಿಯಲ್ಲಿ ಒಂದು ಹನಿ ತೂಗುತ್ತಿತ್ತು. ನಲವತ್ತು ವರ್ಷದಿಂದ ಅವರೇ ಬಣ್ಣ ಹೊಡೆಯುತ್ತ ಬಂದ ಗೇಟು, ದಿನಕ್ಕೆ ಹತ್ತು ಸಲ ನಾನು ಕಾಲಿನಿಂದ ತಳ್ಳುವ ಗೇಟು. ನಾವಿಬ್ಬರೂ ಅದರ ಮುಂದೆ ನಿಂತೆವು. ಅವರು ನನ್ನ ಕಡೆ ನೋಡಿದರು. ನಾನು ಎಡಗೈಯನ್ನು ಜೇಬಿಗೆ ಹಾಕಿಕೊಂಡೆ. ಅವರ ಕೈ ಅರ್ಧದವರೆಗೆ ಹೋಗಿ, ನಿಂತು, ಮತ್ತೆ ನನ್ನ ಭುಜಕ್ಕೆ ಬಂತು.

ಹಾಲಿನವನು ಹಾದುಹೋದ. ಕೊನೆಗೆ ಮುನಿರಾಜಣ್ಣ ಒಳಗಿದ್ದ ಹೆಂಡತಿಯನ್ನು ಕೂಗಿದರು.

"ಜಯಾ, ಗೇಟ್ ತೆಗಿ ಬಾರೆ."

ಕೈ ಇಲ್ವಾ ಇಬ್ರಿಗೂ ಎಂದು ಅನ್ನುತ್ತ ಜಯಮ್ಮನವರು ಬಂದರು. ಅವರ ಕಾಲಿನಲ್ಲಿ ಚಪ್ಪಲಿ ಇದೆಯೇ ಎಂದು ನಾನು ನೋಡಿದೆ. ಇರಲಿಲ್ಲ. ಅವರು ಚಿಲಕಕ್ಕೆ ಕೈ ಹಾಕಿದರು. ನಾವಿಬ್ಬರೂ ಉಸಿರು ಹಿಡಿದುಕೊಂಡೆವು.

ಗೇಟು ಕಿರ್ರೆಂದು ತೆರೆಯಿತು.